‘ರೆಡಿ ಉಪ್ಪುನೀರು’ ಕ್ಯಾನಿನಲ್ಲಿ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ

ಮುಂಬೈಯಲ್ಲಿ ಸಮುದ್ರದ ಮೀನುಗಳ ಅಕ್ವೇರಿಯಂ ಇಡಬೇಕೆಂದು ಹೊರಟಿರುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ಅಂಗಡಿಯವರು ಕ್ಯಾನಿನಲ್ಲಿ ತುಂಬಿಸಿ ಕೊಡುವ ‘ರೆಡಿ ಉಪ್ಪುನೀರ’ನ್ನು ನೀವೇ ಪರೀಕ್ಷೆ ಮಾಡದೆ ಒಂದು ಲೋಟದಷ್ಟನ್ನೂ ಟ್ಯಾಂಕಿಗೆ ಸುರಿಯಬೇಡಿ. ನಾನು 200 ಲೀಟರ್ ಸುರಿದೆ. ಆಮೇಲೆ ತೊಂದರೆ ಕಾಣಿಸಿಕೊಂಡಾಗಲೆಲ್ಲ ಅದೇ ಅಂಗಡಿಯಿಂದ, ಅದೇ ನೀರನ್ನು, ಮತ್ತೆ ದುಡ್ಡು ಕೊಟ್ಟು ತಂದು ಸುರಿದೆ. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ, ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗುತ್ತದೆ. ಆದರೆ ಹೇಳಿಕೊಳ್ಳದೆ ಸುಮ್ಮನಿದ್ದರೆ ಇನ್ನೊಬ್ಬರು ಇದೇ ಹಳ್ಳಕ್ಕೆ ಬೀಳುತ್ತಾರೆ ಎಂದು ಮನಸ್ಸು ಗಟ್ಟಿಮಾಡಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿನಡಿಯ ಹವಳದ ಬಂಡೆಗಳನ್ನು ನೋಡಿ ಬಂದ ದಿನದಿಂದ ಮಗಳಿಗೂ ನನಗೂ ಇದೇ ಗುಂಗು. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಇರುವುದರಿಂದ, ಅಂಗಡಿಗಳಲ್ಲಿ ಗುಟ್ಟಾಗಿ ತೋರಿಸುವ ತುಂಡುಗಳ ಕಡೆ ತಿರುಗಿಯೂ ನೋಡಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. ಮೂರಡಿ ಉದ್ದದ ಟ್ಯಾಂಕು, 18 ಕಿಲೋ ಒಣ ಬಂಡೆ, ಮರಳು, ಸಾಕಣೆಯಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ಪಾಚಿ ತಿನ್ನಲು ಆರು ಟರ್ಬೊ ಬಸವನಹುಳು. ಅಷ್ಟೇ ನಮ್ಮ ಆಸೆ.

ಅಂಗಡಿ ಪಶ್ಚಿಮದ ಒಂದು ಉಪನಗರದಲ್ಲಿದೆ. ಹೆಸರು ಹೇಳುವುದಿಲ್ಲ. ನಾನು ಮಗಳೊಡನೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿದ ಮಾಲೀಕ, “ನೀವು ಯಾವ ಊರು ಸಾರ್? ನಾವೂ ಆ ಕಡೆಯವರೇ” ಎಂದ. ಇಪ್ಪತ್ತೆರಡು ವರ್ಷಗಳಿಂದ ಮುಲುಂಡ್‌ನಲ್ಲಿರುವ ನನಗೆ ದಿನವಿಡೀ ಹಿಂದಿ, ಮರಾಠಿಯಲ್ಲೇ ವ್ಯವಹಾರ. ಅಂಗಡಿಯೊಳಗೆ ಒಬ್ಬ ನಮ್ಮ ಭಾಷೆಯವನು ಸಿಕ್ಕಿದರೆ ಕರಗಿಬಿಡುತ್ತೇನೆ. ಅವನು ಚಹಾ ತರಿಸಿದ, ಊರಿನ ಮಳೆಯ ಸುದ್ದಿ ಕೇಳಿದ, ಬೆಲೆಯಲ್ಲಿ ಸ್ವಲ್ಪ ಬಿಟ್ಟ. ಕೇಳಬೇಕಾದ ಪ್ರಶ್ನೆಗಳನ್ನು ನಾನು ಅಲ್ಲಿಯೇ ಮರೆತೆ.

ನನ್ನ ಯೋಜನೆ ಇದ್ದದ್ದು ಮನೆಯಲ್ಲೇ ಆರ್‌ಒ-ಡಿಐ ಫಿಲ್ಟರ್ ಕೂರಿಸಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ ಮುಂತಾದವುಗಳ ಪ್ರಮಾಣ) ಸೊನ್ನೆಗೆ ಇಳಿಸಿದ ನೀರಿಗೆ ಸಮುದ್ರದ ಉಪ್ಪು ಬೆರೆಸಿಕೊಳ್ಳುವುದು. ಅವನು ಬೇಡವೆಂದ. “ಅಷ್ಟೆಲ್ಲ ಖರ್ಚು ಯಾಕೆ ಸಾರ್, ನಮ್ಮಲ್ಲಿ ರೆಡಿ ನೀರಿದೆ, ಆರ್‌ಒ ನೀರಿಗೆ ಇಂಪೋರ್ಟೆಡ್ ಉಪ್ಪು ಹಾಕಿದ್ದು, ಲೀಟರಿಗೆ 30 ರೂಪಾಯಿ. ಅದೂ ಅಲ್ಲದೆ ಇದು ಓಡುತ್ತಿರುವ ಸಿಸ್ಟಮ್ಮಿನ ನೀರು, ಬ್ಯಾಕ್ಟೀರಿಯಾ ತುಂಬಿಕೊಂಡಿದೆ, ನಿಮ್ಮ ಟ್ಯಾಂಕು ಒಂದೇ ವಾರದಲ್ಲಿ ರೆಡಿ.” ಆ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ಬಂಡೆ, ಮರಳು, ಫಿಲ್ಟರಿಗೆ ಅಂಟಿಕೊಂಡು ಬದುಕುತ್ತವೆ. ನೀರಿನಲ್ಲಿ ತೇಲುವುದು ತೀರಾ ಕಡಿಮೆ. ಹಳೆಯ ನೀರು ತಂದುಕೊಂಡರೆ ಟ್ಯಾಂಕು ಬೇಗ ಪಕ್ವವಾಗುವುದಿಲ್ಲ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕೇ ಬೇಕು. ಇದನ್ನು ಓದಿ ತಿಳಿದಿದ್ದ ನಾನೇ ಅವನ ಮಾತಿಗೆ ತಲೆಯಾಡಿಸಿದೆ. ಹತ್ತು ನೀಲಿ ಕ್ಯಾನುಗಳು ಮನೆಗೆ ಬಂದವು. ಉಪ್ಪಿನಂಶ ಅಳೆಯುವ ಹೈಡ್ರೊಮೀಟರ್ ಮುಳುಗಿಸಿ, ಸಮುದ್ರದ ನೀರಿನಷ್ಟೇ, 1.025 ತೋರಿಸಿದ, 6,000 ರೂಪಾಯಿ ಎಣಿಸಿಕೊಂಡ.

ಎಂಟನೆಯ ದಿನ ಜೀವಿಗಳನ್ನು ಬಿಟ್ಟೆವು. ಮರುದಿನ ಬೆಳಿಗ್ಗೆ ಆರು ಬಸವನಹುಳುಗಳಲ್ಲಿ ನಾಲ್ಕು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಒಂದನ್ನು ಎತ್ತಿ ಗಾಜಿಗೆ ಹಚ್ಚಿದೆ. ಅದರ ಪಾದ ಗಾಜನ್ನು ಹಿಡಿಯಲೇ ಇಲ್ಲ, ಜಾರಿ ಮತ್ತೆ ಕೆಳಗೆ ಬಿತ್ತು. ಸಿಗಡಿ ಬಂಡೆಯ ಸಂದಿಯಲ್ಲಿ ಒರಗಿಕೊಂಡು ಬಿಳಿ ಮೀಸೆಗಳನ್ನು ಮಾತ್ರ ಅಲ್ಲಾಡಿಸುತ್ತಿತ್ತು, ಸಂಜೆಯ ಹೊತ್ತಿಗೆ ಅದೂ ನಿಂತಿತು. ಕ್ಲೌನ್ ಮೀನುಗಳು ಮಾತ್ರ ಏನೂ ಆಗದವರಂತೆ ಓಡಾಡುತ್ತಿದ್ದವು. ಇದೇ ದೊಡ್ಡ ಸುಳಿವು. ಮೀನು ಬದುಕಿ ಸಿಗಡಿ, ಬಸವನಹುಳು ಮಾತ್ರ ಸಾಯುತ್ತವೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ತಾಮ್ರವನ್ನು. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಈ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ. ಆಗ ನನಗೆ ಅದು ಹೊಳೆಯಲಿಲ್ಲ.

ಅಂಗಡಿಯವನಿಗೆ ಫೋನು ಮಾಡಿದೆ. “ನೀವು ಟ್ಯಾಂಕಿನ ನೀರನ್ನು ನಿಧಾನವಾಗಿ ಹನಿಹನಿಯಾಗಿ ಬೆರೆಸಿ ಸಿಗಡಿಯನ್ನು ಅದಕ್ಕೆ ಹೊಂದಿಸಿಲ್ಲ ಸಾರ್, ಸಿಗಡಿ ಸೂಕ್ಷ್ಮ ಜೀವಿ” ಎಂದ. ಎರಡು ಗಂಟೆ ಹನಿ ಹಾಕಿ ಹೊಂದಿಸಿದ್ದೆ ಎಂದೆ. “ಹಾಗಾದರೆ ಅಮೋನಿಯಾ ಇರಬೇಕು, ನಾನೇ ಬಂದು ನೋಡುತ್ತೇನೆ” ಎಂದ. ಬಂದವನು ರಾತ್ರಿ ಒಂಬತ್ತಕ್ಕೆ ನಮ್ಮ ಹಾಲಿನ ಹಳದಿ ದೀಪದ ಕೆಳಗೆ ನಿಂತು ಅಮೋನಿಯಾ ಪರೀಕ್ಷೆಯ ಕಿಟ್ಟಿನ ಕೊಳವೆಯನ್ನು ಮೇಲೆತ್ತಿ ಹಿಡಿದು, “ನೋಡಿ, ಹಳದಿ, ಅಂದರೆ ಸೊನ್ನೆ” ಎಂದ. ಆ ಕಿಟ್ಟಿನಲ್ಲಿ ಹಳದಿ ಎಂದರೆ ಸೊನ್ನೆ, ಹಸಿರಿಗೆ ತಿರುಗಿದಷ್ಟೂ ಅಮೋನಿಯಾ ಹೆಚ್ಚು. ಹಳದಿ ದೀಪದಲ್ಲಿ ತಿಳಿಹಸಿರು ಹಳದಿಯಾಗಿಯೇ ಕಾಣುತ್ತದೆ. ಬೆಳಿಗ್ಗೆ ಕಿಟಕಿಯ ಬಳಿ ಬಿಳಿ ಹಾಳೆಯ ಮುಂದೆ ಹಿಡಿದು ನಾನೇ ಮತ್ತೆ ನೋಡಿದಾಗ ಸ್ಪಷ್ಟವಾಗಿ ಹಸಿರು, 0.5ರ ಆಸುಪಾಸು. ಅದಕ್ಕೆ ಅವನ ಉತ್ತರ: “ಹೊಸ ಟ್ಯಾಂಕಲ್ವಾ ಸಾರ್, ಹಾಗೇ ಇರುತ್ತದೆ, ಪ್ರತಿ ಭಾನುವಾರ ನಲವತ್ತು ಲೀಟರ್ ಬದಲಿಸಿ.” ಬದಲಿಸುವ ನೀರು ಯಾರದು? ಅವನದೇ. ನಾಲ್ಕು ಭಾನುವಾರ, ಎಂಟು ಕ್ಯಾನು, 4,800 ರೂಪಾಯಿ. ನಡುವೆ 1,800 ಕೊಟ್ಟು ಇನ್ನೊಂದು ಸಿಗಡಿ. ಅದು ಒಂದೂವರೆ ದಿನ ಬದುಕಿತು.

ಆರನೆಯ ವಾರ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 15. ಪಿಎಚ್, ಕ್ಷಾರೀಯತೆ, ಕ್ಯಾಲ್ಸಿಯಂ, ಉಷ್ಣತೆಯನ್ನೂ ನೋಡಿದೆ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಎಲ್ಲವೂ ಸರಿ. ಧೈರ್ಯದಿಂದ ಮತ್ತೆ ಮೂರು ಬಸವನಹುಳು ಬಿಟ್ಟೆ. ಮೂರೂ ಮರುದಿನ ಅಂಗಾತ. ಮಗಳು ಏನೂ ಹೇಳದೆ ಒಂದೊಂದನ್ನೇ ಎತ್ತಿ ಬಟ್ಟಲಿಗೆ ಹಾಕಿದಳು. ಅವತ್ತು ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಠಾಣೆಯಲ್ಲಿ ಹತ್ತು ವರ್ಷದಿಂದ ಸಮುದ್ರದ ಟ್ಯಾಂಕು ಇಟ್ಟಿರುವ ಪರಿಚಯದವರೊಬ್ಬರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: “ತಾಮ್ರ ನೋಡಿದ್ದೀರಾ?” ತಾಮ್ರದ ಕಿಟ್ ತರಿಸಿದೆ. ಟ್ಯಾಂಕಿನ ನೀರಿನಲ್ಲಿ ಬಣ್ಣ ಏರಿತು, ಕಾರ್ಡಿನ ‘ಲೀಟರಿಗೆ 0.25 ಮಿಲಿಗ್ರಾಂ’ ಗೆರೆಯ ಹತ್ತಿರಕ್ಕೆ. ಮನೆಯ ಕುಡಿಯುವ ನೀರು ನೋಡಿದೆ, ಸೊನ್ನೆ. ಹೊಸ ಉಪ್ಪಿನ ಪೊಟ್ಟಣ ತಂದು ಆ ನೀರಿಗೆ ಬೆರೆಸಿ ನೋಡಿದೆ, ಸೊನ್ನೆ. ಕೊನೆಗೆ ಬಾಲ್ಕನಿಯಲ್ಲಿ ಸೀಲು ಒಡೆಯದೆ ಉಳಿದಿದ್ದ ಅವನ ಕ್ಯಾನನ್ನು ತೆರೆದೆ. ಐದು ಮಿಲಿಲೀಟರ್ ನೀರಿಗೆ ಹನಿಗಳನ್ನು ಹಾಕಿ, ಮುಚ್ಚಿ, ಅಲುಗಾಡಿಸಿ, ಗಡಿಯಾರ ನೋಡುತ್ತಾ ಕುಳಿತೆ. ಟ್ಯಾಂಕಿನದಕ್ಕಿಂತಲೂ ಗಾಢವಾದ ಬಣ್ಣ ಬಂತು. ಎದೆ ಧಸಕ್ಕೆಂದಿತು. ವಾರವಾರವೂ ಟ್ಯಾಂಕನ್ನು ಶುದ್ಧ ಮಾಡುತ್ತಿದ್ದೇನೆಂದು ನಂಬಿ ನನ್ನ ಕೈಯಾರೆ ವಿಷ ತುಂಬಿಸುತ್ತಿದ್ದೆ.

ಹೇಳದೆ ಕೇಳದೆ ಅಂಗಡಿಗೆ ಹೋದೆ. ಒಳಗಿನ ಕೋಣೆಯಲ್ಲಿ ಹುಡುಗನೊಬ್ಬ ಮಾರಾಟದ ಮೀನುಗಳ ಸಾಲು ಟ್ಯಾಂಕುಗಳ ಅಡಿಯಲ್ಲಿ, ಅವುಗಳ ನೀರೆಲ್ಲ ಬಂದು ಸೇರುವ ತೊಟ್ಟಿಯೊಳಗೆ ಪೈಪು ಇಳಿಸಿ ನೀಲಿ ಕ್ಯಾನುಗಳನ್ನು ತುಂಬಿಸುತ್ತಿದ್ದ. ಪಕ್ಕದ ಶೆಲ್ಫಿನಲ್ಲಿ ಬಿಳಿ ಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಮದ್ದಿನ ಬಾಟಲಿ. ಮೀನು ಮಾತ್ರ ಇರುವ ಟ್ಯಾಂಕಿಗೆ ಆ ಮದ್ದು ಹಾಕುವುದು ತಪ್ಪಲ್ಲ, ಅಳತೆ ತಪ್ಪದಿದ್ದರೆ ಮೀನು ತಡೆದುಕೊಳ್ಳುತ್ತದೆ. ಆದರೆ ಅದರ ನೀರನ್ನು ಸಿಗಡಿ ಕೊಂಡವರಿಗೆ ಹೊಸ ನೀರೆಂದು ಮಾರುವುದಕ್ಕೆ ಏನೆನ್ನಬೇಕು?

“ಓಡುತ್ತಿರುವ ಸಿಸ್ಟಮ್ಮಿನ ನೀರು ಅಂತ ಮೊದಲೇ ಹೇಳಿದ್ದೆನಲ್ಲಾ ಸಾರ್!” ಇದು ಅವನ ಮೊದಲ ಮಾತು. ಹೌದು, ಹೇಳಿದ್ದ. ಮದ್ದಿನ ನೀರೆಂದು ಹೇಳಿರಲಿಲ್ಲ. ಆಮೇಲೆ, “ತಾಮ್ರ ಇದ್ದಿದ್ದರೆ ನಿಮ್ಮ ಮೀನೂ ಸಾಯುತ್ತಿತ್ತು.” ಆಮೇಲೆ, “ನಿಮ್ಮ ಮನೆಯಲ್ಲಿ ತಾಮ್ರ ಬೆರೆಸುವ ವಾಟರ್ ಪ್ಯೂರಿಫೈಯರ್ ಇರಬೇಕು, ಆವಿಯಾದ ನೀರಿಗೆ ಬದಲು ಅದನ್ನೇ ಹಾಕಿದ್ದೀರಿ.” ನಮ್ಮದು ಅಂಥದ್ದಲ್ಲ, ಪರೀಕ್ಷಿಸಿಯೂ ಇದ್ದೆ. ಆದರೆ ಅಂಥ ಪ್ಯೂರಿಫೈಯರ್ ಇರುವವರು ಟ್ಯಾಂಕಿಗೆ ಆ ನೀರನ್ನು ಖಂಡಿತ ಬಳಸಬಾರದು, ಅಷ್ಟು ಮಾತ್ರ ಅವನು ನಿಜ ಹೇಳಿದ. ಕೊನೆಗೆ ದನಿ ತಗ್ಗಿಸಿ, “ನಮ್ಮವರು ನೀವು, ಗಲಾಟೆ ಯಾಕೆ, 2,000 ರೂಪಾಯಿಯ ಮೀನು ತಗೊಂಡು ಹೋಗಿ” ಎಂದ. ಆ ‘ನಮ್ಮವರು’ ಎಂಬ ಮಾತು ನನ್ನನ್ನು ಚುಚ್ಚಿದಷ್ಟು ಯಾವ ನಷ್ಟವೂ ಚುಚ್ಚಲಿಲ್ಲ. ಕೈಯಲ್ಲಿರುವುದು ಜಿಎಸ್‌ಟಿ ಸಂಖ್ಯೆಯಿಲ್ಲದ ಒಂದು ಚೀಟಿ, ಅದರಲ್ಲಿ ‘ವಾಟರ್ 200’ ಎಂದಷ್ಟೇ ಬರೆದಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ನೀರು ಬದಲಿಸಿದರೆ ಮುಗಿಯುವ ಕಥೆಯೂ ಇದಲ್ಲ. ಬಂಡೆ ಮತ್ತು ಮರಳು ತಾಮ್ರವನ್ನು ಹೀರಿಕೊಂಡು ಆಮೇಲೆ ಮೆಲ್ಲಗೆ ಬಿಡುತ್ತಾ ಇರುತ್ತವೆ. ಮರಳನ್ನು ಎಸೆದೆ. ಮೀನುಗಳನ್ನು ಠಾಣೆಯ ಆ ಪರಿಚಯದವರು ಇಟ್ಟುಕೊಂಡಿದ್ದಾರೆ. ಬಂಡೆಗಳು ಬಾಲ್ಕನಿಯ ಡ್ರಮ್ಮಿನಲ್ಲಿ ಹೊಸ ಉಪ್ಪುನೀರು, ತಾಮ್ರ ಹೀರುವ ರೆಸಿನ್, ಇದ್ದಿಲಿನ ಜೊತೆ ಮುಳುಗಿವೆ. ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತೇನೆ, ಕಳೆದ ಎರಡು ವಾರ ಸೊನ್ನೆ ಬಂದಿದೆ.

ಹೊಸಬರು ಇಷ್ಟಾದರೂ ಮಾಡಿ. ಆರ್‌ಒ-ಡಿಐ ಫಿಲ್ಟರ್ ನಿಮ್ಮದೇ ಇರಲಿ, ಉಪ್ಪನ್ನು ನೀವೇ ಬೆರೆಸಿ, ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಹಿಡಿಯುತ್ತದೆ. ಲವಣಾಂಶಕ್ಕೆ ರಿಫ್ರ್ಯಾಕ್ಟೊಮೀಟರ್ ಕೊಂಡು 35 ಪಿಪಿಟಿಯ (ಸಾವಿರ ಭಾಗಕ್ಕೆ 35 ಭಾಗ ಉಪ್ಪಿನ) ದ್ರಾವಣದಿಂದ ಸರಿಹೊಂದಿಸಿಕೊಳ್ಳಿ. ಮಾರುವವನ ಕೈಯಲ್ಲಿ ಪರೀಕ್ಷೆ ಮಾಡಿಸಬೇಡಿ, ಹಗಲು ಬೆಳಕಿನಲ್ಲಿ ನೀವೇ ಮಾಡಿ. ಸಿಗಡಿ ಕೊಳ್ಳುವ ಮೊದಲು ತಾಮ್ರದ ಕಿಟ್ ಕೊಳ್ಳಿ. ಬಿಲ್ಲಿನಲ್ಲಿ ನೀರು ಯಾವುದೆಂದು ಬರೆಸಿಕೊಳ್ಳಿ, ಅವನು ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ.

ಅವನ ಇನ್ನೊಂದು ಕ್ಯಾನನ್ನು ಸೀಲು ಒಡೆಯದೆ, ಆ ಚೀಟಿಯ ಜೊತೆಗೆ, ದೂರಿನ ವಿಚಾರಣೆಗೆ ಬೇಕಾದೀತೆಂದು ಇಟ್ಟುಕೊಂಡಿದ್ದೇನೆ. ಕಿಟ್ಟಿನಲ್ಲಿ ಇನ್ನೂ ಅರವತ್ತು ಪರೀಕ್ಷೆಗಳಿಗೆ ಆಗುವಷ್ಟು ದ್ರಾವಣವಿದೆ. ಮುಲುಂಡ್, ಭಾಂಡುಪ್, ಠಾಣೆಯ ಕಡೆ ಯಾರಾದರೂ ಇಂಥ ನೀರು ಕೊಂಡಿದ್ದರೆ ಟ್ಯಾಂಕಿಗೆ ಸುರಿಯುವ ಮೊದಲು ಒಂದು ಸಣ್ಣ ಬಾಟಲಿಯಲ್ಲಿ ತನ್ನಿ, ಭಾನುವಾರ ಬೆಳಿಗ್ಗೆ ಕಿಟಕಿಯ ಬಳಿ ಕೂತು ಒಟ್ಟಿಗೆ ನೋಡೋಣ.