ಸರ್ವರ್ ಪವರ್ ಸಪ್ಲೈ ನಾಲ್ಕು, ಲೀನಿಯರ್ ಒಂದು: ವರ್ಷಗಟ್ಟಲೆ ಬಳಸಿದ ಮೇಲೆ

ಹಳೆಯ ಸರ್ವರ್‌ಗಳಿಂದ ಕಳಚಿದ 12 ವೋಲ್ಟ್, 47 ಆಂಪಿಯರ್‌ನ ನಾಲ್ಕು ಪವರ್ ಸಪ್ಲೈಗಳನ್ನು ಹೈದರಾಬಾದಿನ ಕೋಠಿಯಿಂದ ತಂದು ಸರಣಿಯಲ್ಲಿ ಜೋಡಿಸಿದ್ದೇನೆ. ನನ್ನ ಹ್ಯಾಮ್ (ಹವ್ಯಾಸಿ ರೇಡಿಯೊ) ಕೇಂದ್ರದ ಲೀನಿಯರ್ ಆಂಪ್ಲಿಫೈಯರ್, ಅಂದರೆ ರೇಡಿಯೊದ ಸಂಕೇತದ ಬಲ ಹೆಚ್ಚಿಸುವ ಸಾಧನ, ನಡೆಯುವುದು ಇವುಗಳಿಂದಲೇ. ಕಲಬುರಗಿಯ ಹಲವು ಬೇಸಿಗೆಗಳನ್ನು ಇವು ದಾಟಿವೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಪೆಟ್ಟಿಗೆ ಬಿಚ್ಚದೆ ಜೋಡಿಸುವವರು ಇವುಗಳ ತಂಟೆಗೆ ಹೋಗಬಾರದು.

ಆಂಪ್ಲಿಫೈಯರಿನಲ್ಲಿರುವ ಎಲ್‌ಡಿಮಾಸ್ ಬಗೆಯ ಪವರ್ ಟ್ರಾನ್ಸಿಸ್ಟರಿಗೆ 50 ವೋಲ್ಟ್ ಆಸುಪಾಸು ಬೇಕು. ಜನರಲ್ ದರ್ಜೆಯ ಹ್ಯಾಮ್ ಪರವಾನಗಿಯ ಮಿತಿ 400 ವ್ಯಾಟ್. ಅಷ್ಟನ್ನು ಹೊರಡಿಸಲು 48 ವೋಲ್ಟ್‌ನಲ್ಲಿ ಸುಮಾರು 14 ಆಂಪಿಯರ್ ಸಾಕು. ಸರಣಿಯಲ್ಲಿ ವೋಲ್ಟೇಜ್ ಕೂಡುತ್ತದೆ, ಕರೆಂಟ್ ಎಲ್ಲದರಲ್ಲೂ ಒಂದೇ ಹರಿಯುತ್ತದೆ. ಹಾಗಾಗಿ ಪ್ರತಿಯೊಂದೂ ತನ್ನ ಸಾಮರ್ಥ್ಯದ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಮೇ ತಿಂಗಳಲ್ಲೂ ಇವು ಬಾಳಿಕೆ ಬರುವುದು ಇದೇ ಕಾರಣಕ್ಕೆ. ಸಂಜೆ ಮನೆಯ ವೋಲ್ಟೇಜ್ 180ಕ್ಕೆ ಇಳಿದರೂ ಹೊರಗೆ 48 ಅಲುಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸಪ್ಲೈ ಆಗಿದ್ದರೆ ಅದೂ ಕುಗ್ಗಿ, ಧ್ವನಿ ಒಡೆದು ಪಕ್ಕದ ಫ್ರೀಕ್ವೆನ್ಸಿಯವರಿಗೆ ತೊಂದರೆ ಕೊಡುತ್ತಿತ್ತು.

ಇನ್ನು ಮುಖ್ಯ ಮಾತು. ಈ ಸಪ್ಲೈಗಳ ಮೈನಸ್ ತುದಿ ಒಳಗೇ ಲೋಹದ ಕವಚಕ್ಕೆ, ಅಲ್ಲಿಂದ ಅರ್ಥಿಂಗ್‌ಗೆ ಸೇರಿರುತ್ತದೆ. ಹಾಗೆಯೇ ಒಂದರ ಮೇಲೊಂದು ಜೋಡಿಸಿದರೆ ಕೆಳಗಿನದು ಷಾರ್ಟ್ ಆಗುತ್ತದೆ. ಅದಕ್ಕೆಂದು ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ಇದು ಜೀವಕ್ಕೆ ಎರವಾಗುವ ಕೆಲಸ, ದಯವಿಟ್ಟು ಮಾಡಬೇಡಿ. ಕವಚ ಅರ್ಥಿಂಗ್‌ನಲ್ಲೇ ಇರಲಿ. ಮೇಲಿನ ಮೂರರ ಬೋರ್ಡನ್ನು ಹೊರತೆಗೆದು, ಮೈನಸ್ ಪಟ್ಟಿಯನ್ನು ಕವಚಕ್ಕೆ ತಾಗಿಸುವ ಲೋಹದ ತಿರುಪುಗಳ ಜಾಗದಲ್ಲಿ ನೈಲಾನ್ ತಿರುಪು, ವಾಷರ್ ಹಾಕಿ, ಬೋರ್ಡಿನ ಅಡಿಗೆ ಇನ್ಸುಲೇಷನ್ ಹಾಳೆ ಹಾಸಿ. ಆಮೇಲೆ ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಸಂಪರ್ಕವಿದ್ದರೆ ಕೂಗುವ ಸ್ಥಾನಕ್ಕೆ) ಇಟ್ಟು ನೋಡಿ: ಮೈನಸ್‌ಗೂ ಕವಚಕ್ಕೂ ನಡುವೆ ಅದು ಕೂಗಬಾರದು. ಬಿಚ್ಚುವ ಮೊದಲು ವಿದ್ಯುತ್ ತೆಗೆದು ಒಳಗಿನ ದೊಡ್ಡ ಕೆಪಾಸಿಟರ್ ಖಾಲಿಯಾಗುವವರೆಗೆ ಕಾಯಿರಿ; ಅದರಲ್ಲಿ 400 ವೋಲ್ಟಿನಷ್ಟು ಉಳಿದಿರುತ್ತದೆ.

ಪ್ರತಿ ಸಪ್ಲೈನ ಹೊರತುದಿಗಳಿಗೆ ಅಡ್ಡಲಾಗಿ, ಕ್ಯಾಥೋಡ್ (ಪಟ್ಟೆಯಿರುವ ತುದಿ) ಪ್ಲಸ್‌ಗೆ ಬರುವಂತೆ, ಷಾಟ್ಕಿ ಎಂಬ ಬಗೆಯ ದೊಡ್ಡ ಡಯೋಡ್ ಇರಲೇಬೇಕು. ಒಂದು ಆರಿಹೋದರೆ ಉಳಿದವು ಅದರೊಳಗೆ ಉಲ್ಟಾ ವೋಲ್ಟೇಜ್ ತಳ್ಳುತ್ತವೆ. ಆಗ ಕರೆಂಟಿಗೆ ದಾರಿ ಮಾಡಿಕೊಡುವುದು ಈ ಡಯೋಡ್.

ಕೊರತೆ ಇಲ್ಲವೆಂದಲ್ಲ. ಫ್ಯಾನುಗಳ ಸದ್ದು ಜೋರು, ಮೈಕ್ ದೂರ ಇಡಬೇಕು. 7 ಮೆಗಾಹರ್ಟ್ಸ್‌ನಲ್ಲಿ ಬರುತ್ತಿದ್ದ ಗೊರಗೊರ ಶಬ್ದ ತಂತಿಗಳನ್ನು ಫೆರೈಟ್ ಬಳೆಗಳಿಗೆ ಸುತ್ತಿದ ಮೇಲೆ ತಗ್ಗಿತು, ಪೂರ್ತಿ ಹೋಗಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ನುಣ್ಣನೆಯ ಹೊಟ್ಟು ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಊದಿ ತೆಗೆಯದಿದ್ದರೆ ಸಪ್ಲೈ ಬಿಸಿಯಾಗಿ ತಾನೇ ನಿಲ್ಲುತ್ತದೆ.

ಟ್ರಾನ್ಸಿಸ್ಟರ್ ಬದಲು 813ರಂಥ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಇರುವ ಆಂಪ್ಲಿಫೈಯರ್ ಇಟ್ಟುಕೊಂಡವರು 2000 ವೋಲ್ಟಿಗಾಗಿ ಇಂಥ ಸ್ವಿಚಿಂಗ್ ಸಪ್ಲೈಗಳನ್ನು ಹೀಗೆ ಪೇರಿಸಲು ಹೋಗಬೇಡಿ. ನನ್ನಲ್ಲಿ ಎಲ್ಲಕ್ಕಿಂತ ಮೇಲಿನ ಸಪ್ಲೈ ನೆಲಕ್ಕಿಂತ 36 ವೋಲ್ಟ್ ಮಾತ್ರ ಮೇಲಿದೆ. ಸಾವಿರ ವೋಲ್ಟ್ ಮೇಲೆ ಕೂತರೆ ಅದರ ಇನ್ಸುಲೇಷನ್ ತಡೆಯುತ್ತದೆಂಬ ಭರವಸೆಯಿಲ್ಲ. ಕೊಳ್ಳುವವರು ನಾಲ್ಕರ ಬದಲು ಒಂದೇ ಮಾದರಿಯ ಐದನ್ನು ಕೊಳ್ಳಿ. ಕೆಟ್ಟಾಗ ಅದೇ ಮಾದರಿ ಮತ್ತೆ ಸಿಗುವುದು ಕಷ್ಟ.