ಆಶಾ ಅಕ್ಕ ಕೊಡೋ ಕೆಂಪು ಐರನ್ ಮಾತ್ರೆ ಹೆಂಗಿದೆ? (4.5 ಸ್ಟಾರ್)

ನನ್ ತಂಗಿ ಬಸುರಿ, ಆಲ್ದೂರು ಕಡೆ ಮನೆ, ಅವಳಿಗೆ ಆಶಾ ಅಕ್ಕ ಕೊಟ್ಟ ಸರ್ಕಾರಿ ಮಾತ್ರೆ ಬಗ್ಗೆ ಈ ರಿವ್ಯೂ. ಫ್ರೀ ಅಂದ್ರೆ ಅಸಡ್ಡೆ ಜಾಸ್ತಿ, ಮಾತ್ರೆ ಹಂಗೇ ಬೀರುವಲ್ಲಿಟ್ಟು ಚಿಕ್ಕಮಗಳೂರಿಗೆ ಬಂದು ಮೆಡಿಕಲ್ಸಲ್ಲಿ ಕಾಸ್ಟ್ಲಿ ಸಿರಪ್ ಕೇಳೋರು ಎಷ್ಟ್ ಜನ ಇದಾರೆ, ದಯವಿಟ್ಟು ಹಂಗ್ ಮಾಡ್ಬೇಡಿ. ಒಂದ್ ಮಾತ್ರೇಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ಬಸುರೀರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ, ಹೆರಿಗೆ ಆದ್ಮೇಲೂ ಮತ್ತೆ 180 ದಿನ.

ಯಾಕಿಷ್ಟು ಹೇಳ್ತಿದೀನಿ ಅಂದ್ರೆ ನಾವು ಎಳ್ಕೊಳೋ ಆಕ್ಸಿಜನ್ ರಕ್ತದಲ್ಲಿ ಸುಮ್ನೆ ಕರಗೋದು ತೀರಾ ಕಮ್ಮಿ, ಹೆಚ್ಚುಕಮ್ಮಿ ಪೂರ್ತಿ ಹೊರೋದು ಕೆಂಪು ರಕ್ತಕಣದಲ್ಲಿರೋ ಹಿಮೋಗ್ಲೋಬಿನ್ ಅನ್ನೋ ಪ್ರೋಟೀನೇ, ಅದ್ರ ಒಂದೊಂದು ಅಣುವಲ್ಲಿ ಇರೋದು ನಾಲ್ಕೇ ಕಬ್ಬಿಣದ ಪರಮಾಣು, ಒಂದೊಂದೂ ಒಂದೊಂದು ಆಕ್ಸಿಜನ್ ಅಣು ಶ್ವಾಸಕೋಶದಲ್ಲಿ ಹಿಡ್ಕೊಂಡು ಬೇಕಾದ ಕಡೆ ಹೋಗಿ ಬಿಡುತ್ತೆ. ಕಬ್ಬಿಣ ಸಾಲ್ದಿದ್ರೆ ಹಿಮೋಗ್ಲೋಬಿನ್ ತಯಾರಾಗೋದೇ ಕಮ್ಮಿ ಆಗುತ್ತೆ. ಟೆಸ್ಟಲ್ಲಿ ಅದು 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂ ಇದ್ದದ್ದು 9ಕ್ಕೆ ಇಳೀತು ಅಂದ್ರೆ ರಕ್ತಕ್ಕೆ ಆಕ್ಸಿಜನ್ ಹೊರೋ ತಾಕತ್ತಲ್ಲಿ ಕಾಲು ಭಾಗ ಹೋಯ್ತು ಅಂತಾನೇ ಲೆಕ್ಕ, ಬಸುರೀರಿಗೆ 11ಕ್ಕಿಂತ ಕೆಳಗೆ ಬಂದ್ರೇನೇ ರಕ್ತಹೀನತೆ. ತಂಗಿ ತೋಟದ ಏರು ಹತ್ತೋಕೆ ನಡುವೆ ನಿಂತು ನಿಂತು ಹೋಗ್ತಿದ್ಲು, ಈಗ ಚೆಕಪ್ಪಲ್ಲಿ ಹಿಮೋಗ್ಲೋಬಿನ್ ಏರಿದೆ, ಮುಖದಲ್ಲೂ ಕಳೆ ಬಂದಿದೆ, ನೋಡಿ ನಂಗೆ ತುಂಬಾ ಖುಷಿ ಆಯ್ತು.

ಆದ್ರೆ ನಮ್ಮ ಕಡೆಯೋರು ಗಮನಿಸ್ಬೇಕಾದ್ದು ಕಾಫಿ. ಬೆಳಗಾದ್ರೆ ಕಾಫಿ, ತಿಂಡಿ ಆದ್ಮೇಲೆ ಕಾಫಿ, ಯಾರಾದ್ರೂ ಬಂದ್ರೆ ಮತ್ತೆ ಕಾಫಿ, ಅದ್ರಲ್ಲಿರೋ ಪಾಲಿಫಿನಾಲ್ ಅನ್ನೋ ಅಂಶ ಕಬ್ಬಿಣವನ್ನ ಕರುಳಲ್ಲೇ ಕಟ್ಟಾಕಿ ರಕ್ತಕ್ಕೆ ಸೇರೋಕೆ ಬಿಡಲ್ಲ, ಟೀ ಕುಡಿದ್ರೂ ಅದೇ ಕತೆ. ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಗ್ಯಾಪ್ ಇರ್ಲಿ. ಕ್ಯಾಲ್ಸಿಯಂ ಮಾತ್ರೇನೂ ಕೊಟ್ಟಿರ್ತಾರೆ, ಎರಡನ್ನೂ ಒಟ್ಟಿಗೆ ನುಂಗ್ಬೇಡಿ. ನಿಂಬೆ ಜ್ಯೂಸೋ ನೆಲ್ಲಿಕಾಯಿನೋ ಜೊತೆಗಿದ್ರೆ ಒಳ್ಳೇದು, ವಿಟಮಿನ್ ಸಿ ಇಂದ ಕಬ್ಬಿಣ ಚೆನ್ನಾಗಿ ಹೀರ್ಕೊಳ್ಳುತ್ತೆ.

ಅರ್ಧ ಸ್ಟಾರ್ ಕಟ್ ಮಾಡಿದ್ದು ವಾಕರಿಕೆಗೆ, ಮಲಬದ್ಧತೇನೂ ಆಗುತ್ತೆ. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಾದ್ಮೇಲೆ ತಗೊಂಡ್ರೆ ಅವಳಿಗೆ ತಡ್ಕೊಳ್ಳೋಕಾಯ್ತು. ಮೋಷನ್ ಕಪ್ಪಗಾದ್ರೆ ಹೆದ್ರಬೇಡಿ, ಒಳಗೆ ಸೇರದೇ ಉಳಿದ ಕಬ್ಬಿಣ ಅದು. ಹಿಮೋಗ್ಲೋಬಿನ್ ತುಂಬಾ ಕಮ್ಮಿ ಇದ್ರೆ ಡೋಸ್ ಡಾಕ್ಟ್ರೇ ಹೇಳ್ಲಿ, ನೀವೇ ಎರಡು ಮೂರು ನುಂಗೋಕೆ ಹೋಗ್ಬೇಡಿ. ಮನೇಲಿ ಚಿಕ್ಕ ಮಕ್ಳಿದ್ರೆ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ, ಕೆಂಪಗೆ ಪೆಪ್ಪರ್‌ಮಿಂಟ್ ಥರ ಕಾಣುತ್ತೆ, ಜಾಸ್ತಿ ತಿಂದ್ರೆ ಮಕ್ಕಳ ಜೀವಕ್ಕೇ ಅಪಾಯ.