ಅಂದಗೆಟ್ಟ ಕಾಂಪೌಂಡ್ ಗೋಡೆ: ಸುಣ್ಣವೋ, ಎಮಲ್ಷನ್ನೋ, ಬಳ್ಳಿಯೋ?

ಕಾಂಪೌಂಡ್ ಗೋಡೆ ಅಸಹ್ಯವಾಗಿ ಕಾಣುವುದು ಬಣ್ಣ ಹಳೆಯದಾಗಿದ್ದರಿಂದ ಎಂದುಕೊಳ್ಳುತ್ತೇವೆ. ಹತ್ತಿರ ಹೋಗಿ ನೋಡಿ. ಬುಡದಿಂದ ಎರಡಡಿವರೆಗೆ ಹಕ್ಕಳೆ ಎದ್ದಿರುತ್ತದೆ, ನೆತ್ತಿಯಿಂದ ಕಪ್ಪು ಗೆರೆಗಳು ಇಳಿದಿರುತ್ತವೆ, ನಡುವೆ ಅಲ್ಲಲ್ಲಿ ಬಿಳಿ ಉಪ್ಪು ಹೊಮ್ಮಿರುತ್ತದೆ. ಮೂರೂ ನೀರಿನ ಕೆಲಸ. ಅದಕ್ಕೇ ಸುಣ್ಣ, ಎಮಲ್ಷನ್ (ನೀರಿನಲ್ಲಿ ಕಲಸಿ ಹಚ್ಚುವ ಡಬ್ಬದ ಬಣ್ಣ), ಬಳ್ಳಿ ಮೂರನ್ನೂ ಒಂದೇ ಗೋಡೆಯ ಬೇರೆಬೇರೆ ಭಾಗಗಳಿಗೆ ಹಾಕಿ ನೋಡಿದರೆ ಗೆಲ್ಲುವುದು ದುಬಾರಿ ಡಬ್ಬವಲ್ಲ, ಆ ಜಾಗದ ತೇವಕ್ಕೆ ಹೊಂದಿದ್ದು.

ತೇವ ಎಷ್ಟಿದೆ ಎಂದು ತಿಳಿಯಲು ಉಪಕರಣವೇನೂ ಬೇಡ. 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೇ ಹಸಿ ಇದೆ. ಹೊರಮೈಯಲ್ಲಿ ಮಾತ್ರ ಕಟ್ಟಿದ್ದರೆ ಅದು ಗಾಳಿಯ ತೇವ. ಬುಡದಿಂದ ಒಂದಡಿ ಮೇಲೆ ಒಮ್ಮೆ, ಎದೆಯ ಎತ್ತರದಲ್ಲಿ ಇನ್ನೊಮ್ಮೆ ನೋಡಿ. ಎರಡೂ ಕಡೆ ಒಂದೇ ಉತ್ತರ ಬರಬೇಕೆಂದಿಲ್ಲ.

ಇನ್ನೊಂದು ಸಾಕ್ಷಿ ಎದ್ದ ಬಣ್ಣದಲ್ಲೇ ಇದೆ. ಒಂದು ಹಕ್ಕಳೆ ಕಿತ್ತು ತಿರುಗಿಸಿ. ಹಿಂಬದಿಗೆ ಗಾರೆಯ ಪುಡಿ ಅಂಟಿಕೊಂಡು ಬಂದಿದ್ದರೆ ಒಳಗಿನ ಪ್ಲಾಸ್ಟರೇ ತೇವಕ್ಕೋ ಉಪ್ಪಿಗೋ ಸಡಿಲವಾಗಿದೆ. ಹಿಂಬದಿ ನುಣ್ಣಗೆ ಇದ್ದರೆ ಹಿಂದಿನ ಸಲ ಧೂಳು ತೆಗೆಯದೆಯೋ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ ತಳದ ಕೋಟ್) ಬಿಟ್ಟೋ ಬಣ್ಣ ಹೊಡೆದಿದ್ದಾರೆ. ಮೊದಲನೆಯದಕ್ಕೆ ಎಷ್ಟು ಒಳ್ಳೆಯ ಎಮಲ್ಷನ್ ತಂದರೂ ನಿಲ್ಲುವುದಿಲ್ಲ. ಎರಡನೆಯದು ಕೆರೆದು ಸರಿಮಾಡಬಹುದಾದ ತಪ್ಪು.

ಯಾವುದನ್ನೇ ಆರಿಸಿ, ಗೋಡೆಯ ನೆತ್ತಿ ಮೊದಲು. ಮೇಲೆ ಇಳಿಜಾರಾದ ಕೋಪಿಂಗ್ (ಗೋಡೆಯ ನೆತ್ತಿಗೆ ಹೊದಿಸುವ ಮುಚ್ಚಿಗೆ) ಇರಬೇಕು, ಗೋಡೆಯ ಮೈಯಿಂದ 4–5 ಸೆಂ.ಮೀ. ಹೊರಚಾಚಿರಬೇಕು, ಚಾಚಿದ ಭಾಗದ ಕೆಳಮೈಯಲ್ಲಿ ಉದ್ದಕ್ಕೂ ಒಂದು ಗೀರು ಇರಬೇಕು. ಆ ಗೀರಿನಲ್ಲಿ ನೀರು ತಡೆದು ಹನಿಯಾಗಿ ಬೀಳುತ್ತದೆ. ಗೀರಿಲ್ಲದಿದ್ದರೆ ಅಂಚಿನಡಿ ತಿರುಗಿ ಗೋಡೆಗೇ ಹರಿಯುತ್ತದೆ. ಕಪ್ಪು ಗೆರೆಗಳ ಹುಟ್ಟು ಅಲ್ಲಿ. ಈ ಕೆಲಸ ಬಿಟ್ಟು ಬಣ್ಣಕ್ಕೆ ಕೈ ಹಾಕುವುದು ಶುದ್ಧ ದಂಡ.

ಸುಣ್ಣ

ಹಸಿ ಗೋಡೆಗೆ, ಅದರಲ್ಲೂ ಹಳೆಯ ಸುಣ್ಣದ ಗಾರೆಯ ಗೋಡೆಗೆ ಇದೇ ಸೈ. ಒಳಗಿನ ತೇವ ಇದರ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ, ಆದ್ದರಿಂದ ಬೊಬ್ಬೆ ಏಳುವುದಿಲ್ಲ. ಪುಡಿ ಸುಣ್ಣವಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ. ಸುಟ್ಟ ಸುಣ್ಣದ ಹರಳಾದರೆ ಕಿಲೋಗೆ ಸುಮಾರು 5 ಲೀಟರ್ ನೀರು. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ಇರಲಿ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. 24 ಗಂಟೆ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ.

ಹೆಚ್ಚಿನವರು ಎಡವುವುದು ಹದದಲ್ಲಿ. ತೆಳು ಹಾಲಿನಷ್ಟು ನೀರಾಗಿರಬೇಕು. ಹಚ್ಚಿದ ಗಳಿಗೆಯಲ್ಲಿ ಹಿಂದಿನ ಕಲೆಯೆಲ್ಲ ಹಾಗೇ ಕಾಣುತ್ತದೆ, ‘ಇದು ಹಿಡಿದೇ ಇಲ್ಲ’ ಎಂದು ಕೈ ದಪ್ಪವಾಗಿ ಓಡುತ್ತದೆ. ಸುಣ್ಣ ಬೆಳ್ಳಗಾಗುವುದು ಒಣಗಿದ ಮೇಲೆ. ದಪ್ಪ ಹಚ್ಚಿದ್ದು ಬಿರಿದು, ಉಜ್ಜಿದರೆ ಕೈಗೆ ಬರುತ್ತದೆ. ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ, ಪ್ರತಿ ಕೋಟಿನ ನಡುವೆ ಒಂದು ದಿನ ಬಿಟ್ಟು ಮೂರರಿಂದ ಐದು ಕೋಟ್. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ಗಟ್ಟಿಯಾಗುತ್ತದೆ, ಅದಕ್ಕೆ ತೇವವೂ ಬೇಕು. ಸುಡುಬಿಸಿಲಲ್ಲಿ ಹೊಡೆದರೆ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗಿಯೇ ಉಳಿಯುತ್ತದೆ. ಬಣ್ಣ ಬೇಕಿದ್ದರೆ ಐರನ್ ಆಕ್ಸೈಡ್ ಪುಡಿ, ಸುಣ್ಣದ ತೂಕದ ಶೇ. 10ರ ಒಳಗೆ. ಒಣಗಿದ ಮೇಲೆ ಬಣ್ಣ ಬಹಳ ತಿಳಿಯಾಗುವುದರಿಂದ ಇಡೀ ಗೋಡೆಗೆ ಬೇಕಾದಷ್ಟನ್ನು ಒಮ್ಮೆಗೇ ಕಲಸಿ, ಎರಡನೆಯ ಸಲ ಅದೇ ಛಾಯೆ ಸಿಗದು.

ಕೊರತೆ? ಒರಗಿದರೆ ಬಟ್ಟೆಗೆ ಹತ್ತುತ್ತದೆ, ಪದೇಪದೇ ಹಚ್ಚಬೇಕು. ಹಳೆಯ ಎಮಲ್ಷನ್ ಮೇಲಂತೂ ನಿಲ್ಲುವುದೇ ಇಲ್ಲ.

ಎಮಲ್ಷನ್

ಒಣಗಿದ ಸಿಮೆಂಟ್ ಪ್ಲಾಸ್ಟರಿಗೆ ಇದರಷ್ಟು ಅಚ್ಚುಕಟ್ಟು ಬೇರೆ ಇಲ್ಲ. ಆದರೆ ಹೆಚ್ಚಿನ ಕೆಲಸ ಬ್ರಷ್ ಹಿಡಿಯುವ ಮೊದಲೇ ಮುಗಿದಿರಬೇಕು. ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಸೇರುತ್ತದೆ. ಪಾಚಿಗೆ ಒಂದು ಪಾಲು ಬ್ಲೀಚ್ ದ್ರಾವಣ, ನಾಲ್ಕು ಪಾಲು ನೀರು. 15–20 ನಿಮಿಷ ಬಿಟ್ಟು ತೊಳೆದು ಎರಡು ಮೂರು ದಿನ ಒಣಗಲು ಬಿಡಿ. ಬ್ಲೀಚ್ ಜೊತೆ ಆ್ಯಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಅಂಗೈ ಉಜ್ಜಿದಾಗ ಬಿಳಿಪುಡಿ ಬರುತ್ತಿದ್ದರೆ ಇನ್ನೂ ಕೆರೆಯುವುದಿದೆ ಎಂದೇ ಅರ್ಥ.

ಗೋಡೆ ನುಣುಪಾಗಿಸಲು ಸವರುವ ಪುಟ್ಟಿ ವೈಟ್ ಸಿಮೆಂಟಿನದೇ ಆಗಿರಲಿ. ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಮಳೆಗೆ ಮೆತ್ತಗಾಗಿ ಬಣ್ಣವನ್ನೂ ಹೊತ್ತುಕೊಂಡು ಬೀಳುತ್ತದೆ. ಬಿರುಕನ್ನು ಹಾಗೇ ಸವರಿ ಮುಚ್ಚದೆ ‘ವಿ’ ಆಕಾರಕ್ಕೆ ಕೊರೆದು ತುಂಬಿ. ಹೊಸ ಪ್ಲಾಸ್ಟರಾದರೆ 28 ದಿನ ಕಾಯಲೇಬೇಕು, ಅದರ ಕ್ಷಾರ ಬಣ್ಣವನ್ನು ಸುಡುತ್ತದೆ. ಆಮೇಲೆ ಕ್ಷಾರ ತಡೆಯುವ ಪ್ರೈಮರ್ ಒಂದು ಕೋಟ್, ಬಣ್ಣ ಎರಡು ಕೋಟ್, ನಡುವೆ 4–6 ಗಂಟೆ. ಮೈ ಉಬ್ಬುತಗ್ಗಾಗಿದ್ದರೆ ಹೊಳಪಿನದು ಬೇಡ. ಸಂಜೆಯ ಓರೆಬಿಸಿಲಿಗೆ ಒಂದೊಂದು ತೇಪೆಯೂ ಎದ್ದು ಕಾಣುತ್ತದೆ. ಮ್ಯಾಟ್, ಮಣ್ಣಿನ ಛಾಯೆ, ನಡುಗಾತ್ರದ ಗಾಢತೆ: ಕೆಟ್ಟ ಗಾರೆಯ ಕೆಲಸವನ್ನು ಮರೆಮಾಚುವುದು ಇದು. ಅಚ್ಚಬಿಳಿ ಕೆಸರು ತೋರಿಸುತ್ತದೆ.

ಬಳ್ಳಿ

ಪ್ಲಾಸ್ಟರ್ ಕಾಣದ ಬ್ಲಾಕ್ ಗೋಡೆ, ತೇಪೆಯ ಮೇಲೆ ತೇಪೆ ಬಿದ್ದ ಗೋಡೆ, ಇವಕ್ಕೆ ಬಣ್ಣ ಹೊಡೆದರೂ ಅಷ್ಟಕ್ಕಷ್ಟೇ. ಇಲ್ಲಿ ಬಳ್ಳಿಯದೇ ಮೇಲುಗೈ. ಆದರೆ ಯಾವ ಬಳ್ಳಿ ಎಂಬುದರಲ್ಲಿ ಆಕಾಶ–ಭೂಮಿ ವ್ಯತ್ಯಾಸವಿದೆ.

ಫೈಕಸ್ ಪ್ಯುಮಿಲದಂಥ (ಗೋಡೆಗೆ ಹಬ್ಬುವ ಅತ್ತಿ ಜಾತಿಯ ಬಳ್ಳಿ) ಬಳ್ಳಿಗಳು ಬೇರಿನಿಂದ ಅಂಟು ಸುರಿಸಿ ತಾವೇ ಗೋಡೆಗೆ ಕಚ್ಚುತ್ತವೆ. ಮೊದಲ ವರ್ಷ ನಿಧಾನ, ಆಮೇಲೆ ತಡೆಯಿಲ್ಲ. ಬಿರುಕಿನೊಳಗೆ ನುಗ್ಗುತ್ತವೆ, ಕಿತ್ತರೆ ಬಣ್ಣವೂ ಬರುತ್ತದೆ, ಕಂದು ಬೇರಿನ ಗುರುತು ಉಳಿಯುತ್ತದೆ. ನೆತ್ತಿಗೆ ಬಂದ ಮೇಲೆ ದಪ್ಪ ಕೊಂಬೆ, ದೊಡ್ಡ ಎಲೆ ಬಿಟ್ಟು ಹೊರಕ್ಕೆ ಚಾಚುತ್ತವೆ. ಗಟ್ಟಿಮುಟ್ಟಾದ, ಬಿರುಕಿಲ್ಲದ, ಮತ್ತೆಂದೂ ಬಣ್ಣ ಬೇಡದ ಗೋಡೆಗೆ ಮಾತ್ರ ಇದು.

ಉಳಿದೆಡೆ ತಂತಿ ಕಟ್ಟುವುದು ಉತ್ತಮ. 3–4 ಮಿ.ಮೀ. ಸ್ಟೀಲ್ ತಂತಿ, ಅಡ್ಡಡ್ಡಕ್ಕೆ 40 ಸೆಂ.ಮೀ. ಅಂತರದಲ್ಲಿ, ಗೋಡೆಯಿಂದ 7–10 ಸೆಂ.ಮೀ. ದೂರ ನಿಲ್ಲುವ ಕೊಕ್ಕೆಗಳಿಗೆ. ಕೊಕ್ಕೆಯನ್ನು ಬರೀ ಪ್ಲಾಸ್ಟರಿಗಲ್ಲ, ಇಟ್ಟಿಗೆಯೊಳಕ್ಕೆ ಕೂರಿಸಿ. ಆ ಸಂದಿಯಲ್ಲಿ ಗಾಳಿಯಾಡಿ ಗೋಡೆ ಒಣಗುತ್ತದೆ. ವಾಲಿದ ಗೋಡೆಗೆ ಮಾತ್ರ ಈ ಭಾರ ಹೊರಿಸಬೇಡಿ. ಗುಂಡಿ ಗೋಡೆಯಿಂದ 40 ಸೆಂ.ಮೀ. ಆಚೆ ಇರಲಿ, ಉದ್ದ–ಅಗಲ–ಆಳ 45 ಸೆಂ.ಮೀ.; ಬುಡದಲ್ಲಿ ಸಿಗುವುದು ಕಟ್ಟಡದ ಕಸ ಬೆರೆತ ಕ್ಷಾರದ ಮಣ್ಣು, ಅದನ್ನು ತೆಗೆದು ಒಳ್ಳೆಯ ಮಣ್ಣು, ಗೊಬ್ಬರ ತುಂಬಿ. ದಿನಕ್ಕೆ ಆರು ಗಂಟೆ ಬಿಸಿಲಿದ್ದರೆ ಬೋಗನ್‌ವಿಲ್ಲಾ (ಗೇಟಿನ ಹತ್ತಿರ ಬೇಡ, ಮುಳ್ಳು), ಪರಿಮಳ ಬೇಕಿದ್ದರೆ ರಂಗೂನ್ ಮಲ್ಲಿಗೆ. ಇವು ಹರಡುವವರೆಗೆ ಸುಮ್ಮನಿರಲಾಗದಿದ್ದರೆ ರಾತ್ರಿ ನೆನೆಸಿದ ಶಂಖಪುಷ್ಪದ ಬೀಜ ನಡುವೆ ಊರಿ. ಎರಡು ತಿಂಗಳ ಆಸುಪಾಸಿನಲ್ಲಿ ಹೂ ಬಿಡುತ್ತದೆ.

ಬುಡದ ಅಂಗಳ

ಹುಲ್ಲುಹಾಸು ಬಿಸಿಲಿದ್ದಲ್ಲಿ ಮಾತ್ರ. ಗೋಡೆಯ ನೆರಳಲ್ಲಿ ಬೋಳಾಗಿ, ಮಳೆಗೆ ಕೆಸರೆದ್ದು ಹೊಸ ಬಣ್ಣಕ್ಕೆ ಸಿಡಿಯುತ್ತದೆ. ಅಲ್ಲಿ 30–40 ಸೆಂ.ಮೀ. ಅಗಲದ ಜಲ್ಲಿಪಟ್ಟಿ ಒಳ್ಳೆಯದು: 10–20 ಮಿ.ಮೀ. ಕೋನದ ಜಲ್ಲಿ, 5 ಸೆಂ.ಮೀ. ದಪ್ಪ, ಅಡಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಇಳಿಯಬಿಟ್ಟು ಮಣ್ಣು ತಡೆಯುವ ಸಿಂಥೆಟಿಕ್ ಬಟ್ಟೆ), ಹೊರ ಅಂಚಿಗೆ ಇಟ್ಟಿಗೆಯ ಕಟ್ಟು. ಗುಂಡುಕಲ್ಲು ಕಾಲಡಿ ಉರುಳುತ್ತದೆ. ಬಟ್ಟೆ ಹಾಕಿದ್ದೇವೆಂದು ನಿಶ್ಚಿಂತೆ ಬೇಡ. ಬಿದ್ದೆಲೆ ಕೊಳೆತು ಮಣ್ಣಾಗಿ, ಕಳೆ ಬಟ್ಟೆಯ ಮೇಲೆಯೇ ಹುಟ್ಟುತ್ತದೆ. ನೆಲ ಮುಚ್ಚಲೆಂದು ಹಳದಿ ಹೂವಿನ ವೆಡೀಲಿಯ ತಂದು ನೆಟ್ಟರೆ ಅದು ನಿಮ್ಮ ಅಂಗಳದಲ್ಲಷ್ಟೇ ನಿಲ್ಲದೆ ಆಚೆಗೂ ಹಬ್ಬುವ ಜಾತಿ.

ಜಲ್ಲಿ, ಪೇವರ್, ಮಣ್ಣು ಏನೇ ಹಾಕಿ, ಮನೆಗೋಡೆಗೆ ತಾಗುವಲ್ಲಿ ಅದರ ಮಟ್ಟ ತೇವತಡೆ ಪದರಕ್ಕಿಂತ (ನೆಲದ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಹಾಕುವ ಪದರ) ಕನಿಷ್ಠ 15 ಸೆಂ.ಮೀ. ಕೆಳಗಿರಲಿ, ಮನೆಯಿಂದಾಚೆಗೆ ಮೀಟರಿಗೆ 2 ಸೆಂ.ಮೀ. ಇಳಿಜಾರಿರಲಿ. ಹಳೆಯ ಅಂಗಳದ ಮೇಲೆಯೇ ಹೊಸ ಪೇವರ್ ಕೂರಿಸುವವರು ಈ ಅಳತೆಯನ್ನು ನುಂಗಿಬಿಡುತ್ತಾರೆ, ಮುಂದಿನ ಮಳೆಗಾಲಕ್ಕೆ ಒಳಗಿನ ಗೋಡೆ ಹಸಿಯಾಗುತ್ತದೆ.